ನೈನಿತಾಲ್‌ಗೆ ಹೊರಟ ವಾಮದೇವಪ್ಪ

ಮುರುಗೇಶಪ್ಪ ಹೆಂಡತಿಯನ್ನು ಕರೆದುಕೊಂಡು ಕಾಶ್ಮೀರದ ಸರೋವರ ನೋಡಲು ರೈಲು ಹತ್ತಿದ್ದೇ ತಡ, ದಾವಣಗೆರೆಯ ಆ ಓಣಿಯಲ್ಲಿ ಬೇರೆ ಮಾತೇ ಸತ್ತುಹೋಯಿತು. ಎದುರುಮನೆಯ ಬಟ್ಟೆ ವ್ಯಾಪಾರಿ ವಾಮದೇವಪ್ಪನ ಹೊಟ್ಟೆಯಲ್ಲಿ ಎದ್ದ ಉರಿಗೆ ಇಡೀ ಪೇಟೆಗೆ ಸಾಕಾಗುವಷ್ಟು ಮಂಡಕ್ಕಿ ಹುರಿಯಬಹುದಿತ್ತು. ಅಂಗಡಿಯ ಕ್ಯಾಲೆಂಡರಿನಲ್ಲಿ ಬೆಟ್ಟಗಳ ನಡುವೆ ಒಂದು ಕೆರೆ ಇತ್ತು. ಕೆಳಗೆ ನೈನಿತಾಲ್ ಎಂದು ಹೆಸರು.

"ದಸರಾ ಮುಗೀಲಿ, ನಾವೂ ನೈನಿತಾಲ್‌ಗೆ ಹೊಂಟೀವಿ" ಎಂದು ಕಟ್ಟೆಯ ಮೇಲೆ ಕೂತು ಸಾರಿಯೇಬಿಟ್ಟ.

ಆದರೆ ವಾಮದೇವಪ್ಪನಿಗೆ ಚಳಿ ಎಂದರೆ ಹುಲಿ ಕಂಡಂತೆ. ಪಕ್ಕದ ಮನೆಯವರು ತಣ್ಣೀರು ಮುಟ್ಟಿದರೆ ಇವನಿಗೆ ನೆಗಡಿ. ಹಾಗಾಗಿ ಗುಟ್ಟಾಗಿ ಹರಿಹರಕ್ಕಷ್ಟೇ ಟಿಕೆಟ್ ತೆಗೆದ. ಅಲ್ಲಿ ಇಳಿದು, ಕೊಕ್ಕನೂರಿನಲ್ಲಿದ್ದ ಹೆಂಡತಿಯ ಸೋದರಮಾವ ಕಲ್ಲೇಶಪ್ಪನ ಮನೆಯಲ್ಲಿ ಹದಿನೈದು ದಿನ ಅಡಗಿದ್ದು ಬರುವುದೆಂದು ಲೆಕ್ಕ. ಕಲ್ಲೇಶಪ್ಪನ ಬಾಯಿ ತೆರೆಸಲು ಹಾರೆಯೇ ಬೇಕು. ಗುಟ್ಟು ಇಡಲು ಅಂಥ ಪೆಟ್ಟಿಗೆ ಆ ಸೀಮೆಯಲ್ಲೇ ಇಲ್ಲವೆಂದು ಓಣಿಗೆಲ್ಲ ಗೊತ್ತಿತ್ತು.

"ಕೆರೆ ತೋರಿಸ್ತೀನಿ ಅಂದಿದ್ರಿ" ಎಂದಳು ಹೆಂಡತಿ ಕಸ್ತೂರಮ್ಮ.

"ಕೊಕ್ಕನೂರಾಗ ಕೆರೆ ಇಲ್ಲೇನು?"

"ಐತ್ರಿ. ಎಮ್ಮೆ ಮೈ ತೊಳಿಯೋದು."

ಹೊರಡುವ ದಿನ ಬೆಳಿಗ್ಗೆ ಓಣಿಗೆ ಓಣಿಯೇ ಸ್ಟೇಷನ್ನಿಗೆ ಬಂತು. ಹಾರಗಳ ಭಾರಕ್ಕೆ ವಾಮದೇವಪ್ಪನ ಕತ್ತು ಮೂರು ಅಂಗುಲ ಕುಸಿಯಿತು. "ಅಲ್ಲಿ ಭಾಳ ಥಂಡಿ ಅಂತ ಅಣ್ಣಾರೆ" ಎಂದು ಪಕ್ಕದ ಮನೆಯ ಖೈರುನ್ನೀಸಾ ಕೊಟ್ಟ ಉಣ್ಣೆ ಶಾಲನ್ನು ಮರ್ಯಾದೆಗೆಂದು ಆ ಬಿಸಿಲಲ್ಲೇ ಹೊದ್ದುಕೊಂಡ. ಬೆವರು ಹರಿದು ಪ್ಲಾಟ್‌ಫಾರಂ ತೊಯ್ದಿತು.

ಗಾರ್ಡು ಸೀಟಿ ಊದಿದ. ವಾಮದೇವಪ್ಪ ಇನ್ನೇನು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಓಣಿಯ ಹಿರಿಯ ಉಚ್ಚೆಂಗಪ್ಪ ಡಬ್ಬಿಯೊಳಕ್ಕೆ ಹತ್ತಿದ. ಅವನ ಹಿಂದೆ ಮಿಕ್ಕವರೂ ನುಗ್ಗಿದರು.

"ನೀವೆಲ್ಲಿಗ್ರಿ?"

"ಮುರುಗೇಶಪ್ಪನ್ನ ಕಳಿಸಾಕ ಬಂದಾಗ ಇಲ್ಲೇ ಬಿಟ್ಟು ಮನೀಗೆ ಹೋದ್ವಿ. ಅದು ಮನಸಿಗೆ ಚುಚ್ಚಾಕತ್ತೈತೆ. ನಿಮ್ಮನ್ನ ಹರಿಹರ ತನಕ ಕಳಿಸಿ ಬರ್ತೀವಿ."

"ಬ್ಯಾಡ್ರಿ, ತ್ರಾಸು."

"ಏನ್ ತ್ರಾಸು? ನೈನಿತಾಲ್‌ಗೆ ಹೋಗೋರಿಗಿಂತ ಹೆಚ್ಚೇನು? ಕೂಡ್ರಿ ಸುಮ್ನೆ."

ಹರಿಹರದಲ್ಲಿ ಎಲ್ಲರೂ ಇಳಿದು ಕಿಟಕಿಯ ಮುಂದೆ ಕೋಟೆ ಕಟ್ಟಿದರು. ವಾಮದೇವಪ್ಪ ಟ್ರಂಕು ಎತ್ತಿ ಬಾಗಿಲಿಗೆ ಬಂದ. "ಗಾಬರಿ ಬ್ಯಾಡ, ಇದಿನ್ನೂ ಹರಿಹರ" ಎಂದು ಉಚ್ಚೆಂಗಪ್ಪ ಅವನನ್ನು ಟ್ರಂಕಿನ ಸಮೇತ ಒಳಕ್ಕೆ ನೂಕಿದ. ರೈಲು ಹೊರಟಿತು. ಓಣಿಯ ಕೈಗಳು ಜೋಳದ ಹೊಲದಂತೆ ತೂಗಾಡಿದವು.

ತುಂಗಭದ್ರೆಯ ಸೇತುವೆ ಮೇಲೆ ಕಸ್ತೂರಮ್ಮ ಕಿಟಕಿಯಿಂದ ಇಣುಕಿದಳು. "ನೋಡ್ರಿ, ಎಷ್ಟೊಂದು ನೀರು. ಇದನ್ನ ತೋರಿಸಿದ್ರ ಸಾಕಿತ್ತು."

ಅಷ್ಟರಲ್ಲಿ ಟಿಕೆಟ್ ಕಲೆಕ್ಟರ್ ಬಂದ. "ಹರಿಹರದ ಟಿಕೆಟ್ ಹಿಡ್ಕೊಂಡು ಎಲ್ಲಿಗ್ರಿ?"

"ನೈನಿತಾಲ್‌ಗೆ" ಎಂದುಬಿಟ್ಟ ವಾಮದೇವಪ್ಪ, ಹೇಳಿ ಹೇಳಿ ರೂಢಿಯಾಗಿತ್ತು.

ಹುಟ್ಟಿದಾಗಿನಿಂದ ನಗದ ಆ ಮನುಷ್ಯ ನಕ್ಕು ನಕ್ಕು ಬೆಂಚು ಹಿಡಿದುಕೊಂಡ. ಆಮೇಲೆ ಮುಂದಿನ ಸ್ಟೇಷನ್ನಿನಲ್ಲಿ ದಂಡ ಹಾಕಿ, ಇಬ್ಬರನ್ನೂ ಇಳಿಸಿದ.

ನಡೆದು, ಸಿಕ್ಕ ಎತ್ತಿನ ಗಾಡಿ ಹತ್ತಿ, ಹೊಳೆ ದಾಟಿ ವಾಪಸ್ಸು ಬಂದು ಕೊಕ್ಕನೂರು ಮುಟ್ಟುವಾಗ ಸಂಜೆಯಾಗಿತ್ತು. ಇಬ್ಬರ ಮೈಮೇಲೂ ಒಂದು ಎಕರೆ ಹೊಲದ ಮಣ್ಣಿತ್ತು. ಹೋಗಲಿ, ಓಣಿಗೆ ಮಾತ್ರ ಏನೂ ಗೊತ್ತಾಗಲಿಲ್ಲ ಎಂದು ವಾಮದೇವಪ್ಪ ಮೀಸೆ ತಿರುವುತ್ತ ಕಲ್ಲೇಶಪ್ಪನ ಪಡಸಾಲೆಗೆ ಕಾಲಿಟ್ಟ.

ಅಲ್ಲಿ ಬನಿಯನ್ ತೊಟ್ಟು ಶೇಂಗಾ ಸುಲಿಯುತ್ತ ಕೂತಿದ್ದವನು ಮುರುಗೇಶಪ್ಪ. ಅವನ ಹೆಂಡತಿ ನಿರ್ಮಲಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಮುರುಗೇಶಪ್ಪ ಇನ್ನೂ ಒಂದು ಬೊಗಸೆ ಶೇಂಗಾ ಸುಲಿದ.

"ನೈನಿತಾಲ್ ಹೆಂಗೈತೆ?" ಎಂದ ಕೊನೆಗೆ ಮುರುಗೇಶಪ್ಪ.

"ಚಲೋ ಐತೆ. ಕಾಶ್ಮೀರ?"

"ಸೊಳ್ಳಿ ಭಾಳ."

ಕಲ್ಲೇಶಪ್ಪ ಲಾಟೀನು ಹಿಡಿದು ಬಂದು ಟ್ರಂಕನ್ನು ನೋಡಿದ, ಉಣ್ಣೆ ಶಾಲನ್ನು ನೋಡಿದ. ಹಾರೆಯ ಸಹಾಯವಿಲ್ಲದೆಯೇ ಅವನ ಬಾಯಿ ತೆರೆಯಿತು.

"ನಡುಮನಿ ಕಾಶ್ಮೀರದೋರು ಹಿಡಿದಾರ. ನೈನಿತಾಲ್‌ನೋರಿಗೆ ಎಮ್ಮೆ ಕೊಟ್ಟಿಗಿ ಒಂದೇ ಉಳಿದೈತೆ. ಗ್ವಾಡಿ ಬಿದ್ದೈತೆ, ಚಳಿ ಮಾತ್ರ ಭಾಳ."