ವಾರಿನ್‌ಗೆ ಇಪ್ಪತ್ತೊಂದು ತುಂಬಿದ್ದು

ಇಲಿ ತಿಂದದ್ದು ಎರಡು ಬೆರಳಗಲದ ಚರ್ಮದ ಹಾಳೆ, ಅಷ್ಟೆ. ಆದರೆ ಆಶ್ಕಂಬಿನ ಒಡೆಯ ವಾರಿನ್ ಹುಟ್ಟಿದ ದಿನವನ್ನು ಪಾದ್ರಿ ಬರೆದಿಟ್ಟದ್ದು ಆ ಎರಡು ಬೆರಳಗಲದಲ್ಲೇ.

"ಇಷ್ಟು ದಪ್ಪ ಪ್ರಾರ್ಥನೆ ಪುಸ್ತಕ ಇತ್ತಲ್ಲ ಫಾದರ್! ನಿಮ್ಮ ಇಲಿಗೆ ನನ್ನ ಜನ್ಮವೇ ಬೇಕಾಗಿತ್ತಾ?" ಎಂದು ವಾರಿನ್ ಬೆಳ್ಳಂಬೆಳಗ್ಗೆ ಚರ್ಚಿನೊಳಗೆ ನಿಂತು ಕೂಗಾಡಿದ.

"ಆ ಮೂಲೇಲಿ ಮೇಣ ಚೆಲ್ಲಿತ್ತು ಒಡೆಯಾ. ಇಲಿಗೇನು ಓದೋಕೆ ಬರುತ್ತಾ?" ಎಂದರು ಪಾದ್ರಿ.

ವಾರಿನ್ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಒಡೆಯ ಸತ್ತು ಮಗ ಚಿಕ್ಕವನಾಗಿದ್ದರೆ, ಆ ಮಗನಿಗೆ ಇಪ್ಪತ್ತೊಂದು ತುಂಬುವ ತನಕ ನೆಲ, ಮನೆ, ಮಗ ಮೂರೂ ದೊರೆ ಬೆರಳು ತೋರಿಸಿದವನ ವಶ. ದೊರೆಯ ಬೆರಳು ತೋರಿಸಿದ್ದು ಪಕ್ಕದ ಊರಿನ ಸರ್ ಹಾಮೋ ಕಡೆಗೆ. ಹನ್ನೆರಡು ವರ್ಷಗಳಿಂದ ಹಾಮೋ ವಾರಿನ್‌ನ ಅಪ್ಪನ ಕುರ್ಚಿಯಲ್ಲಿ ಕೂತು, ವಾರಿನ್‌ನ ಕಾಡಿನ ಜಿಂಕೆ ತಿಂದು, ಮೂಳೆಯನ್ನು ತನ್ನ ನಾಯಿಗೆ ಎಸೆಯುತ್ತಿದ್ದ. ನಾಯಿ ಅದನ್ನು ವಾರಿನ್‌ನ ಹಾಸಿಗೆಯ ಮೇಲೆ ಕೂತು ಕಡಿಯುತ್ತಿತ್ತು. ಗಡ್ಡ ಬಂದ ಗಂಡಸು, ಒಂಟಿಯಾಗಿ ಕಾಡುಹಂದಿ ಕೊಂದವನು, ಊಟದ ಮೇಜಿನ ಮುಂದೆ "ಇನ್ನೊಂದು ಪಾರಿವಾಳ ತಗೊಳ್ಲಾ?" ಎಂದು ಕೇಳಬೇಕಾಗಿತ್ತು. "ಬೇಡ ಕಂದಾ, ಹೊಟ್ಟೆ ಕೆಡುತ್ತೆ" ಎನ್ನುತ್ತಿದ್ದ ಹಾಮೋ, ಆ ಪಾರಿವಾಳವನ್ನು ತಾನೇ ಬಾಯಿಗಿಡುತ್ತ.

ಪುಸ್ತಕದ ಸಾಕ್ಷಿ ಇಲಿಯ ಹೊಟ್ಟೆ ಸೇರಿದ್ದರಿಂದ ಊರಿನ ಹನ್ನೆರಡು ಗಂಡಸರು ಪ್ರಮಾಣ ಮಾಡಿ ಹೇಳಬೇಕಾಯಿತು. ಬರೀ "ಇಪ್ಪತ್ತೊಂದು ಆಗಿದೆ" ಎಂದರೆ ಸಾಲದು. ಆ ದಿನ ತನಗೆ ಯಾಕೆ ನೆನಪಿದೆ ಎಂದು ಒಬ್ಬೊಬ್ಬನೂ ವಿವರಿಸಬೇಕು. ಅದನ್ನು ಕೇಳಲು ದೊರೆಯ ಅಧಿಕಾರಿ ನೆಗಡಿಯ ಮೂಗು ಒರೆಸುತ್ತ ಬಂದು ಚರ್ಚಿನ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಹಾಮೋ, ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಹಾಗೆ ಮುಖ ಸಣ್ಣದು ಮಾಡಿಕೊಂಡು.

"ನನ್ನನ್ನ ಕೇಳಿ, ನಾನು ಹೇಳ್ತೀನಿ," ಎಂದು ಬಾಗಿಲಲ್ಲಿ ನಿಂತ ವಾರಿನ್‌ನ ತಾಯಿ ಇಸೋಲ್ಡ ಕೂಗಿದಳು.

"ಹೆಂಗಸರ ಸಾಕ್ಷಿ ನಡೆಯೋಲ್ಲ ತಾಯಿ," ಎಂದ ಅಧಿಕಾರಿ.

"ಹೆತ್ತವಳು ನಾನು ಕಣಯ್ಯಾ!"

"ಇರಬಹುದು. ಆದ್ರೆ ನೆನಪಿಟ್ಟುಕೊಳ್ಳೋದು ಗಂಡಸರ ಕೆಲಸ."

ಮೊದಲು ಎದ್ದವನು ಮುದುಕ ಓಸ್ಬರ್ಟ್. "ಬುದ್ಧೀ, ಈ ಒಡೆಯರಿಗೆ ಹೆಸರಿಟ್ಟ ದಿನ ಊಟ ಮುಗಿಸಿ ಬರ್ತಾ ಕುದುರೆಯಿಂದ ಬಿದ್ದು ನನ್ನ ಕಾಲು ಮುರೀತು. ನೋಡಿ ಬೇಕಾದ್ರೆ." ಅಧಿಕಾರಿ ಬೇಡವೆನ್ನುವುದರೊಳಗೆ ಕಾಲು ಬೆಂಚಿನ ಮೇಲೆ ಬಂದಿತ್ತು.

"ಕುದುರೆ ಅಲ್ಲ, ಕತ್ತೆ," ಎಂದ ಹಿಂದಿನಿಂದ ಗಿರಣಿಯ ಗಿಲ್ಬರ್ಟ್. "ಅದೂ ನಿಂತಿದ್ದ ಕತ್ತೆ."

"ನಿಂಗೇನು ನೆನಪಿದೆ, ಅದನ್ನ ಹೇಳು," ಎಂದ ಅಧಿಕಾರಿ.

ಗಿಲ್ಬರ್ಟ್ ಮುಂದೆ ಬಂದ. "ಅವತ್ತೇ ಬುದ್ಧೀ, ನನ್ನ ಹೆಂಡ್ತಿ ಮನೆ ಬಿಟ್ಟು ಹೋಗಿದ್ದು."

"ಎಲ್ಲಿಗೆ?"

ಗಿಲ್ಬರ್ಟ್ ಪಕ್ಕದಲ್ಲಿದ್ದ ಚಪ್ಪಲಿ ಹೊಲಿಯುವ ಡ್ರೋಗೋನನ್ನು ನೋಡಿದ. ಡ್ರೋಗೋ ಸೂರನ್ನು ನೋಡಿದ. ಆಮೇಲೆ ಇಪ್ಪತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದದ್ದು ಗಿಲ್ಬರ್ಟ್‌ಗೆ ಒಮ್ಮೆಲೇ ಕೈಗೆ ಬಂತು. ಇಬ್ಬರನ್ನೂ ಬಿಡಿಸಲು ನಾಲ್ಕು ಜನ ಬೇಕಾದರು. ಪಾದ್ರಿಗಳ ಮೇಣದಬತ್ತಿ ಕಂಬ ಡೊಂಕಾಯಿತು.

"ಎಷ್ಟೊತ್ತಿಗೆ ನನ್ನ ವಿಷಯಕ್ಕೆ ಬರ್ತೀರಾ?" ಎಂದು ವಾರಿನ್ ಗುಡುಗಿದ.

ಬಂದರು. ಬಾರದಿದ್ದರೇ ಚೆನ್ನಾಗಿತ್ತು. ಮಗು ಎಷ್ಟು ಕುರೂಪವಾಗಿತ್ತೆಂದರೆ, ಅದನ್ನು ನೋಡಿಯೇ ತನ್ನ ಹಸು ಕಂದು ಹಾಕಿತೆಂದು ಒಬ್ಬ ಪ್ರಮಾಣ ಮಾಡಿದ. ಇನ್ನೊಬ್ಬ ಕೂಸನ್ನು ಜ್ಞಾನಸ್ನಾನದ ತೊಟ್ಟಿಯೊಳಗೆ ತಲೆ ಕೆಳಗಾಗಿ ಬೀಳಿಸಿದ್ದನ್ನು ಕಣ್ಣಾರೆ ಕಂಡಿದ್ದ.

"ಹಂಗೋ! ನಾನೂ ಯೋಚನೆ ಮಾಡ್ತಿದ್ದೆ, ಯಾಕೆ ಹೀಗಾದ ಅಂತ," ಎಂದ ಹಾಮೋ.

ಇಷ್ಟಾದರೂ ವರ್ಷ ಮಾತ್ರ ಯಾರ ಬಾಯಲ್ಲೂ ನಿಲ್ಲಲಿಲ್ಲ. ಒಬ್ಬನ ನೆನಪಿನಲ್ಲಿ ಹಿಮ ಬೀಳುತ್ತಿತ್ತು, ಇನ್ನೊಬ್ಬನ ನೆನಪಿನಲ್ಲಿ ಗೋಧಿ ಕೊಯ್ಲು. ಅಧಿಕಾರಿ ಸೀನಿದ. ಹಾಮೋ ಎದ್ದು ನಿಂತ.

"ಸ್ವಾಮೀ, ಈ ಮಗೂಗೆ ಇಪ್ಪತ್ತು ಕೂಡ ಆಗಿಲ್ಲ. ಇನ್ನೂ ಹಾಲು ಆರದ ಬಾಯಿ. ಒಂದೆರಡು ವರ್ಷ ನನ್ನ ಆಸರೇಲೇ ಇರಲಿ. ನನಗೇನು ಭಾರವಾ?"

"ಭಾರ ಆಗಿರೋದು ನನಗೆ!" ವಾರಿನ್ ಮುಖ ಬೀಟ್‌ರೂಟಿನಂತಾಯಿತು. "ನನ್ನ ಜಿಂಕೆ ತಿಂದೆ, ನನ್ನ ಓಕ್ ಮರ ಕಡಿದು ನಿನ್ನ ಅಟ್ಟ ಕಟ್ಟಿದೆ, ನನ್ನ ಕೆರೆ ಮೀನು ಒಂದೂ ಬಿಡಲಿಲ್ಲ. ಹನ್ನೆರಡು ವರ್ಷ! ಈ ಊರಲ್ಲಿ ಸತ್ಯ ಹೇಳೋ ಒಬ್ಬ ಗಂಡಸೂ ಇಲ್ವಾ?"

ಕೊನೆಯ ಬೆಂಚಿನಿಂದ ಒಬ್ಬ ಎದ್ದ. ಅವನು ಕೆಟೆಲ್, ಹಾಮೋನ ಕಾಡು ಕಾಯುವವನು, ಹಾಮೋನ ಅನ್ನ ತಿನ್ನುವವನು. ವಾರಿನ್ ತಲೆ ಚಚ್ಚಿಕೊಂಡ.

"ನನ್ನ ಒಡೆಯರು ಕ್ಷಮಿಸ್ಬೇಕು," ಎಂದ ಕೆಟೆಲ್. "ನಮ್ಮ ದೊರೆಗೆ ಕಿರೀಟ ಇಡೋದನ್ನ ನೋಡೋಕೆ ನಾನು ಲಂಡನ್ನಿಗೆ ಹೋಗಿದ್ದೆ. ನಡ್ಕೊಂಡು ಊರಿಗೆ ವಾಪಸು ಬಂದಾಗ ಸಂತ ಮೈಕೇಲರ ಹಬ್ಬದ ಹಿಂದಿನ ದಿನ. ಈ ಚರ್ಚಿನ ಗಂಟೆ ಹೊಡೀತಿತ್ತು. ಯಾಕೆ ಅಂದೆ. ಆಶ್ಕಂಬಿಗೆ ಗಂಡು ಹುಟ್ಟಿದೆ ಅಂದ್ರು."

ಅಧಿಕಾರಿ ಬೆರಳು ಮಡಿಸಿ ಲೆಕ್ಕ ಹಾಕಿದ. ದೊರೆಯ ಕಿರೀಟದ ವರ್ಷವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಮಿಕ್ಕವರಿಗೂ ಈಗ ಎಲ್ಲ ಚೊಕ್ಕವಾಗಿ ನೆನಪಾಯಿತು. ಹಿಮ ಬಿದ್ದಿತ್ತು ಎಂದವನು ಅದು ಗಿರಣಿಯ ಹಿಟ್ಟಿರಬಹುದು ಎಂದ. "ಇವತ್ತು ಮೈಕೇಲರ ಹಬ್ಬ, ಅಂದ್ರೆ ನಿನ್ನೆಗೆ ಇಪ್ಪತ್ತೊಂದು ತುಂಬಿದೆ. ಹನ್ನೆರಡು ಜನರ ಪ್ರಮಾಣ ಆಯ್ತು," ಎಂದು ಅಧಿಕಾರಿ ಮುದ್ರೆ ಒತ್ತಿದ.

ವಾರಿನ್ ಕೆಟೆಲ್‌ನನ್ನು ಬಾಚಿ ತಬ್ಬಿಕೊಂಡ. "ಅನ್ನದ ಋಣಕ್ಕಿಂತ ಸತ್ಯ ದೊಡ್ಡದು ಅಂದೆಯಲ್ಲೋ, ಪುಣ್ಯಾತ್ಮ!" ಕೆಟೆಲ್ ಯಾಕೋ ನೆಲ ನೋಡಿದ. ಹಾಮೋ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ, ಅಳುತ್ತ ವಾರಿನ್‌ನ ಕೈಯಲ್ಲಿಟ್ಟ. "ಬೆಳೆದುಬಿಟ್ಟೆ ಕಂದಾ."

ವಾರಿನ್ ಬಾಗಿಲ ತನಕ ರಾಜಠೀವಿಯಲ್ಲಿ ನಡೆದ.

"ಸ್ವಲ್ಪ ನಿಲ್ಲಿ," ಎಂದ ಅಧಿಕಾರಿ, ಚೀಲದಿಂದ ಇನ್ನೊಂದು ಓಲೆ ತೆಗೆದು. "ಇದು ಆಶ್ಕಂಬಿನ ಒಡೆಯರಿಗೆ. ಒಡೆಯ ಚಿಕ್ಕವನಾಗಿದ್ರೆ, ಅವನ ನೆಲ ನೋಡ್ಕೊಳ್ಳೋರಿಗೆ. ದೊರೆ ಸಮುದ್ರದಾಚೆ ಗ್ಯಾಸ್ಕನಿ ಸೀಮೆಗೆ ದಂಡು ಕಳಿಸ್ತಿದ್ದಾರೆ. ಆ ನೆಲ ಯಾರ ಕೈಲಿದೆಯೋ ಅವರು ಸ್ವಂತ ಕವಚ ತೊಟ್ಟು, ಸ್ವಂತ ಕುದುರೆ, ನಾಲ್ಕು ಆಳು ಕರ್ಕೊಂಡು ಮೂರು ವಾರದೊಳಗೆ ಹಡಗು ಹತ್ತಬೇಕು. ಹೋದ ವರ್ಷ ಹೋದೋರಲ್ಲಿ ಅರ್ಧ ಜನ ಭೇದಿ ಹತ್ತಿ ಸತ್ರಂತೆ. ದೇವರು ಕಾಪಾಡಲಿ."

ವಾರಿನ್ ತಿರುಗಿ ಹಾಮೋನನ್ನು ನೋಡಿದ. ಕಣ್ಣೀರೆಲ್ಲ ಎಲ್ಲಿ ಹೋಯಿತೋ, ಆ ಮುಖ ಬೆಣ್ಣೆ ತಿಂದ ಬೆಕ್ಕಿನದು.

"ನಿನಗೆ ಮೊದಲೇ ಗೊತ್ತಿತ್ತು!"

"ಹೋದ ವಾರ ಯಾರೋ ಹೇಳಿದ್ರಪ್ಪ," ಎಂದ ಹಾಮೋ. "ಕೆಟೆಲ್‌ಗೂ ಹೇಳಿದ್ದೆ, ನೆನಪಿರೋದನ್ನ ಹೇಳಿಬಿಡಪ್ಪಾ ಅಂತ."

"ಮತ್ತೆ ಇಷ್ಟು ಹೊತ್ತು ಬೇಡ ಬೇಡ ಅಂದಿದ್ದು?"

"ನಾನು ಹೂಂ ಅಂದಿದ್ರೆ ಈ ಹನ್ನೊಂದು ಜನಕ್ಕೆ ಅನುಮಾನ ಬರ್ತಿರಲಿಲ್ವಾ ಮರಿ?"

ವಾರಿನ್ ಸಾಕ್ಷಿಗಳ ಕಡೆ ಓಡಿದ. "ನೀವೇ ಹೇಳಿ! ನನಗೆ ಇಪ್ಪತ್ತೂ ಆಗಿಲ್ಲ ಅಲ್ವಾ? ನಾನಿನ್ನೂ ಮಗು! ಓಸ್ಬರ್ಟ್, ನೀನಾದ್ರೂ ಹೇಳು!"

"ಅಂದ್ರೆ ನನ್ನ ಕಾಲು ಮುರಿದಿದ್ದು ಸುಳ್ಳಾ?" ಎಂದು ಮುದುಕ ಸಿಡಿದ. ಗಿಲ್ಬರ್ಟ್ ಅಂತೂ ತನ್ನ ಹೆಂಡತಿಯ ವಿಷಯದಲ್ಲಿ ಒಂದು ದಿನ ಕೂಡ ಆಚೀಚೆ ಮಾಡಲು ಒಪ್ಪಲಿಲ್ಲ.

ಇಸೋಲ್ಡ ಕಣ್ಣೊರೆಸಿಕೊಂಡಳು. ಅತ್ತು ಮುಗಿದ ಮೇಲೆ ಕೇಳಿದಳು: "ಅದೆಲ್ಲ ಸರಿ ಮಗಾ, ನೀನು ಬರೋ ತನಕ ಈ ನೆಲ ಮನೆ ನೋಡ್ಕೊಳ್ಳೋರು ಯಾರು?"

ಗಂಡಸರೆಲ್ಲ ಬಾಗಿಲ ಕಡೆ ನೋಡಿದರು.

"ಎಲ್ಲ ಗೊತ್ತಿರೋದು ಹಾಮೋ ಒಬ್ಬನಿಗೇ," ಎಂದು ಅವಳೇ ಉತ್ತರಿಸಿದಳು. "ಹಳಬ."

ವಾರಿನ್ ಊರಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದ: ಕಾಲು ಮುರಿದವನು, ಹೆಂಡತಿ ಕಳಕೊಂಡವನು, ಮೂಗು ಒಡೆಸಿಕೊಂಡ ಡ್ರೋಗೋ. ನಂಬಿ ಒಂದು ಕೋಳಿಗೂಡು ಬಿಟ್ಟುಹೋಗುವಂಥವನು ಒಬ್ಬನೂ ಕಾಣಲಿಲ್ಲ.

ಪಾದ್ರಿ ಹಾಳೆ ತಂದರು, ಮೇಣ ಕರಗಿಸಿದರು. ತಾನು ತಿರುಗಿ ಬರುವವರೆಗೆ ತನ್ನ ನೆಲ, ಮನೆ, ಕಾಡು ಎಲ್ಲವೂ ಸರ್ ಹಾಮೋನ ವಶದಲ್ಲಿರಲಿ ಎಂಬ ಪತ್ರ ಸಿದ್ಧವಾಯಿತು. ಪ್ರಾಪ್ತ ವಯಸ್ಸಿನ ವಾರಿನ್ ತನ್ನ ಜೀವಮಾನದಲ್ಲಿ ಒತ್ತಬೇಕಾದ ಮೊದಲನೆಯ ಮುದ್ರೆ ಅದು. ಹಲ್ಲು ಕಡಿಯುತ್ತ ಅವನು ಮುದ್ರೆ ಹಿಡಿದ ಕೈಯೆತ್ತಿದ.

"ತಡಿ ಕಂದಾ," ಎಂದು ಹಾಮೋ ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ತಿರುಗಿಸಿದ, "ತಲೆಕೆಳಗಾಗಿ ಹಿಡಿದಿದ್ದೀಯ."