ಭಾವನವರ ಅಲೆಗಳು

ಸಮುದ್ರಕ್ಕೂ ಶಿಡ್ಲಘಟ್ಟಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಅಲ್ಲಿ ಕೂತು ದಿನಕ್ಕೊಂದು ಬಗೆಯ ಅಲೆ ಎಬ್ಬಿಸುವವರೊಬ್ಬರಿದ್ದಾರೆ. ಅವರು ನಮ್ಮ ಭಾವ, ನನ್ನ ಅಕ್ಕನ ಯಜಮಾನರು!

ನಿವೃತ್ತರಾದ ಮೇಲೆ ಜನ ಮೊಣಕಾಲು ನೋವು ತಂದುಕೊಳ್ಳುತ್ತಾರೆ. ಇವರು ಹಳೆಯ ಲ್ಯಾಪ್‌ಟಾಪ್ ತಂದುಕೊಂಡರು. ಅದರಲ್ಲಿ ಅಂಗೈಯಗಲದ ಒಂದು ಪ್ರೋಗ್ರಾಂ ಬರೆದರು. ಅಲೆ ದುಂಡಗಿರಬೇಕೋ, ಚೌಕವಾಗಿರಬೇಕೋ, ಗರಗಸದ ಹಲ್ಲಿನಂತಿರಬೇಕೋ. ಸೆಕೆಂಡಿಗೆ ಎಷ್ಟು ಸಲ ಏಳಬೇಕು, ಎಷ್ಟೆತ್ತರ ಏಳಬೇಕು. ಇಷ್ಟನ್ನು ತುಂಬಿ ಗುಂಡಿ ಒತ್ತಿದರೆ ಸ್ಪೀಕರು ಹಾಗೆಯೇ ಕೂಗುತ್ತದೆ. ಇದರಿಂದ ಯಾರಿಗೇನು ಉಪಯೋಗ? ನಾನೂ ಅದನ್ನೇ ಕೇಳಿದೆ. "ಮೊದ್ಲು ಕೇಳಿಸ್ಕೊಳಯ್ಯ" ಎಂದು ಗರಗಸ ಬಿಟ್ಟರು. ನನ್ನ ಕಟ್ಟಿಸಿದ ಹಲ್ಲೂ ಜುಮ್ಮೆಂದಿತು.

ನಾನು ಏಳೂವರೆಗೆ ತಿಂಡಿ, ಒಂದಕ್ಕೆ ಊಟ ಎಂದು ಬದುಕಿದವನು. ಅವರಿಗೋ ಗಡಿಯಾರ ಬರೀ ಗೋಡೆಯ ಅಲಂಕಾರ. ಊಟಕ್ಕೆ ಕರೆದರೆ ಅಂಗಡಿಯಲ್ಲಿರುತ್ತಾರೆ, ಅಂಗಡಿಗೆ ಕಳಿಸಿದರೆ ಅಟ್ಟದ ಮೇಲಿರುತ್ತಾರೆ.

ಹೋದ ಚಳಿಗಾಲದಲ್ಲಿ ನಾನು ಅವರ ಮನೆಯಲ್ಲಿದ್ದೆ. ಅಕ್ಕನಿಗೆ ಕಿವಿ ಮಂದವಾಗುತ್ತಿತ್ತು. ಯಂತ್ರ ಹಾಕಿಕೊಳ್ಳಲು ಒಪ್ಪಳು. ಚೂಪು ಸದ್ದುಗಳೇ ಮೊದಲು ಮರೆಯಾದವು, ಅವುಗಳಲ್ಲಿ ಕುಕ್ಕರಿನ ಸೀಟಿಯೂ ಒಂದು. ಒಂದು ದಿನ ಬೇಳೆ ಸೀದು ಮನೆಯೆಲ್ಲ ಹೊಗೆಯಾಯಿತು. ಅಡುಗೆಗೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದು ನಾನು ಅಚ್ಚುಕಟ್ಟಾದ ಸಲಹೆ ಕೊಟ್ಟೆ.

"ಆಮೇಲೆ ನಾನೇನ್ ಮಾಡ್ಲಪ್ಪ? ಬೊಂಬೆ ಥರ ಹಾಲ್‌ನಲ್ಲಿ ಕೂತ್ಕೊಳ್ಳಾ?" ಎಂದ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಭಾವ ಲ್ಯಾಪ್‌ಟಾಪ್ ತೆರೆದರು. ಹೆಂಡತಿ ಅಳುತ್ತಿರುವಾಗಲೂ ಅಲೆಯೇ!

ಮರುದಿನ ಚೌಕದ ಅಲೆ ಗುಂಯ್ ಎಂದಿತು. ಬೋರ್‌ವೆಲ್ಲಿನ ಮೋಟಾರು ನೀರಿಲ್ಲದೆ ಓಡುತ್ತಿದೆ ಎಂದುಕೊಂಡ ಪಕ್ಕದ ಮನೆಯಾತ ಹಿಪ್ಪುನೇರಳೆ ತೋಟಕ್ಕೆ ಎದ್ದುಬಿದ್ದು ಓಡಿದ. ಹಿಂದೆಯೇ ಅವನ ಹೆಂಡತಿ ಭಾವನ ಬಳಿ ಬಂದಳು.

"ನಮ್ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ, ಪೊರೆ ಬಿಡಕ್ಕೆ ಮಲಗವೆ ಸ್ವಾಮಿ. ಹಿಂಗ್ ಗುಂಯ್‌ಗುಟ್ಟಿದ್ರೆ ಅವು ನಿದ್ದೆ ಮಾಡೋದೆಂಗೆ?"

"ಅವು ಎದ್ದು ಸೊಪ್ಪು ತಿನ್ನೋವರ್ಗೂ ಮೆತ್ತಗೆ ಮಾಡ್ತೀನಮ್ಮ" ಎಂದರು ಭಾವ. ನಿಲ್ಲಿಸುತ್ತೇನೆ ಎನ್ನಲಿಲ್ಲ, ಗಮನಿಸಿ.

ಆ ಮಧ್ಯಾಹ್ನ ಅಕ್ಕ ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಭಾವ ಅವಳ ಬೆನ್ನ ಹಿಂದೆ ಕೂತು, ಸದ್ದು ದಪ್ಪಗಾಗಲೆಂದು ಸೆಕೆಂಡಿಗೆ ಇಷ್ಟು ಅಲೆ ಎಂಬ ಅಂಕಿ ಇಳಿಸುತ್ತ, ಗುಂಡಿ ಒತ್ತುತ್ತ ಹೋದರು. ಅಕ್ಕನ ಕೈ ನಿಲ್ಲಲಿಲ್ಲ. ಇನ್ನಷ್ಟು ಇಳಿಸಿದರು. ಥಟ್ಟನೆ ಕೈ ನಿಂತಿತು.

"ರೀ, ಎಲ್ಲೋ ದುಂಬಿ ನುಗ್ಗೈತೆ, ಓಡ್ಸಿ."

ಭಾವ ಕುರ್ಚಿಯಿಂದ ಎಗರಿದರು. "ಸಿಕ್ತು ಕಣಯ್ಯ, ಇದು ಅವಳಿಗೆ ಕೇಳುತ್ತೆ!"

ಯಾರಿಗೇನು ಉಪಯೋಗ ಎಂದು ನಾನು ಕೇಳಿದ್ದಕ್ಕೆ ಉತ್ತರ ಆಗ ಸಿಕ್ಕಿತು.

ಈಗ ಆ ಸ್ಪೀಕರು ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕದಲ್ಲಿದೆ. ಒಲೆ ಹಚ್ಚಿದ ಗಳಿಗೆಯಿಂದ ಭಾವ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಸೀಟಿ ಹೊಡೆದಾಗಲೆಲ್ಲ ಗುಂಡಿ ಒತ್ತುತ್ತಾರೆ. ಎಲ್ಲಿಯೂ ನಿಲ್ಲದ ಮನುಷ್ಯ ಅಡುಗೆ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ.

"ಇಷ್ಟೆಲ್ಲ ಯಾಕೆ ಭಾವ? ಇಲ್ಲಿಂದಲೇ ಜೋರಾಗಿ ಕೂಗಿದ್ರೆ ಸಾಲದಾ?" ಎಂದೆ.

ಅವರು ದನಿ ತಗ್ಗಿಸಿದರು. "ಜೋರಾಗಿ ಕೂಗಿದ್ರೆ ಬೈದಂಗಾಗುತ್ತೆ ಕಣಯ್ಯ."

ಅಷ್ಟರಲ್ಲಿ ಸೀಟಿಯಾಯಿತು. ಭಾವ ಗುಂಡಿ ಒತ್ತಿದರು. ಒಳಗೆ ದುಂಬಿ ಮೆಲ್ಲಗೆ ಗುಂಯ್ ಎಂದಿತು.

"ಕೇಳಿಸ್ತು ರೀ" ಎಂದಳು ಅಕ್ಕ.