ಕಾರು ಸಿಡಿಯಲಿಲ್ಲ, ಮಲ್ಕಮ್ಮ ಸಿಡಿದಾಳ

ಸಿನಿಮಾದಾಗ ಕಾರು ಸಿಡಿಸುವ ಸಾಹಸ ನಿರ್ದೇಶಕರ ಸನ್ನಿಧಾನಕ್ಕ,

ಮಾನ್ಯರೇ,

ಹವಳಗಾದ ದೌಲತರಾಯನ ಶರಣು ಶರಣಾರ್ಥಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಕೈಗೆ ಅರವತ್ತೆಂಟನೇ ವಯಸ್ಸಿನಾಗ ಪೆನ್ನು ಹಿಡಿಸಿದ ಪುಣ್ಯಾತ್ಮರು ತಾವು. ಬೆರಳು ನೋಯಾಕತ್ತಾವ, ತಲಿ ಕೆಟ್ಟದ, ಆದರೂ ಬರೀಲೇಬೇಕಾಗೇದ.

ತಮ್ಮ ವಿದ್ಯೆ ಭಾಳ ದೊಡ್ಡದು. ತಮ್ಮ ಕಾರು ಗಿಡಕ್ಕ ತಾಗಿದರ ಸಿಡಿತದ, ಹಳ್ಳಕ್ಕ ಬಿದ್ದರ ಸಿಡಿತದ, ಒಂದು ಗುಂಡು ತಾಗಿದರಂತೂ ಮುಗಿಲಿಗೇ ಹಾರತದ. ಹೀರೋ ಮಾತ್ರ ಬೆಂಕಿಗೆ ಬೆನ್ನು ಮಾಡಿ, ತಿರುಗಿ ನೋಡದೆ, ಅಂಗಿಯ ಇಸ್ತ್ರಿ ಕೆಡದಂಗ ನಡಕೊಂಡು ಬರ್ತಾನ. ಹರೇದಿಂದ ಟಾಕೀಜಿನಾಗ ಕುಂತು ಈ ಪಾಠ ಕಲ್ತೇನಿ.

ಹೋದ ತಿಂಗಳು ಅಫಜಲಪುರದಿಂದ ಬರುವಾಗ, ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಮ್ಯಾಲೆ ಜಾರಿ, ಅಳಿಯ ಗುರುಪಾದನ ಕಾರು ರಸ್ತೆ ಬಾಜೂಕಿನ ತೆಗ್ಗಿನಾಗ ಮಗ್ಗಲಾಗಿ ಬಿತ್ತು. ಬಾನೆಟ್ಟಿನಿಂದ ಬುಸುಬುಸು ಬಿಳಿ ಹೊಗಿ. ಇನ್ನೇನು ಸಿಡಿತದಂತ ಅಳಿಯ ಮುಂದ, ನಾ ಹಿಂದ, ತಾವು ಕಲಿಸಿದಂಗ ತಿರುಗಿ ನೋಡದೆ ಹೊಂಟ್ವಿ. ಹಿಂದಿನ ಸೀಟಿನಾಗ ನನ್ನ ಹೆಂಡತಿ ಮಲ್ಕಮ್ಮ ಸೆರಗು ಸಿಕ್ಕೊಂಡು ಅಲ್ಲೇ ಉಳಿದಿದ್ದಳು. "ಏ ದೌಲತರಾಯಾ" ಅಂತ ಕೂಗು ಕೇಳಿದ್ದು ಖರೆ. ಆದರ ಮದುವ್ಯಾಗಿ ನಲವತ್ತೊಂದು ವರ್ಷದಾಗ ಆಕಿ ಒಮ್ಮೆಯೂ ಗಂಡನ ಹೆಸರು ಹಿಡಿದಾಕಿ ಅಲ್ಲ, "ಏನ್ರೀ" ಅಂದರ ಮುಗೀತು. ಹಂಗಾಗಿ ಯಾರೋ ಬ್ಯಾರೆ ಹೆಂಗಸು ಕರಿಯಾಕತ್ತಾಳಂತ ತಿಳಿದು ನಡದೇ ನಡದೆ.

ರಸ್ತೆ ಮ್ಯಾಲೆ ಮೂವತ್ತು ಮಂದಿ ಮೊಬೈಲ್ ಎತ್ತಿ ಹಿಡಿದು, ಕಾರು ಸಿಡಿಯೋದನ್ನೇ ಕಾಯ್ದರು. ಬಾಜೂ ಹೊಲದಾಗ ಕಬ್ಬು ಕಡಿಯುತ್ತಿದ್ದ ಪೀರಬಿ, ತಮ್ಮ ಸಿನಿಮಾ ಒಂದೂ ನೋಡದ ನಿರ್ಭಾಗ್ಯೆ, ಕುಡಗೋಲಿನಿಂದ ಸೆರಗು ಕೊಯ್ದು ಆಕೀನ ಹೊರಗ ತಂದಳು. ತಂದು ನಮ್ಮನ್ನು ನೋಡಿ, "ನೀರು ಕುದ್ದಾವ್ರಿ, ಚಹಾಪುಡಿ ಹಾಕ್ರಿ" ಅಂದಳು.

ಗಾಡಿ ರಿಪೇರಿಗೆ ಬಂದ ಜೇವರ್ಗಿಯ ಮೇಸ್ತ್ರಿ ನಯೀಮನೂ ಅದನ್ನೇ ಹೇಳಿದ. ಅದು ರೇಡಿಯೇಟರಿನ ನೀರಿನ ಆವಿ ಅಂತ. ನಮ್ಮ ಗಾಡಿಯಾಗಿದ್ದ ಡೀಸೆಲ್ ಅಷ್ಟು ಸುಲಭಕ್ಕ ಹೊತ್ತಂಗಿಲ್ಲಂತ. ಪೆಟ್ರೋಲಿದ್ದರೂ ಅದರ ಆವಿ ಗಾಳಿಯೊಳಗ ಹದವಾಗಿ ಕೂಡಿ ಕಿಡಿ ತಾಗಬೇಕಂತ, ತಾಗಿದರೂ ಹೆಚ್ಚಾಗಿ ಉರಿತದ ಹೊರತು ಬಾಂಬಿನಂಗ ಹಾರಂಗಿಲ್ಲಂತ. ಸಿನಿಮಾದವರು ಮದ್ದು ಇಟ್ಟು ಗುಂಡಿ ಒತ್ತತಾರಂತ. ಇಷ್ಟೆಲ್ಲಾ ಗೊತ್ತಿದ್ದೂ ಬಾಯಿ ಬಿಡದ ತಮ್ಮ ಸಂಯಮಕ್ಕ ಶಾಲು ಹೊದಿಸಿ ಸನ್ಮಾನ ಮಾಡಬೇಕು.

ಈಗ ಮಲ್ಕಮ್ಮ ಬೀಗರ ಮುಂದೂ ನನ್ನನ್ನು ಹೆಸರು ಹಿಡಿದೇ ಕರೀತಾಳ. ಮುಂದ ಬೇಕಾದಾಗ ಆಕೀ ಕೂಗಿನ ಗುರುತು ಹತ್ತಲಿ ಅಂತ ರೂಢಿ ಮಾಡಸಾಕತ್ತಾಳಂತ. ಸಿನಿಮಾ ನೋಡಿ ಹಂಗ ಮಾಡಿದೆ ಅಂದರ, "ಹೌದಂತ ಅವರ ಕಡಿಂದ ಬರಸ್ಕೊಂಡು ಬಾ, ಅಲ್ಲೀತನಕ ನಿನ್ನ ಜೋಡಿ ಗಾಡಿ ಹತ್ತಂಗಿಲ್ಲ" ಅಂದಾಳ.

ಅದಕ್ಕ ವಿನಂತಿ ಏನಂದ್ರ, ಮುಂದಿನ ಸಿನಿಮಾದಾಗ ಕಾರು ಅರ್ಧ ತಾಸು ಸುಮ್ಮನೆ ಆವಿ ಬಿಡುತ್ತ ಬಿದ್ದಿರಲಿ, ಹೀರೋ ಹಿಂದಕ್ಕ ಓಡಿ ಬಂದು, ಅಂಗಿ ಹೊಲಸು ಮಾಡ್ಕೊಂಡು, ಹೆಂಡತಿ ಸೆರಗು ಬಿಡಸಲಿ. ಸೀಟಿ ಹೊಡಿಯಾಕ ಯಾರೂ ಬರದಿದ್ದರೂ ನಾ ಒಬ್ಬನಾದರೂ ಬರ್ತೇನಿ.

ತಮ್ಮ ಮ್ಯಾಲೆ ವಿಶ್ವಾಸ ಇಟ್ಟು ಕೆಟ್ಟ ವಿಶ್ವಾಸಿ,
ದೌಲತರಾಯ, ಹವಳಗಾ

ತಾ.ಕ.: ಇಪ್ಪತ್ತೈದಕ್ಕ ಹಿರೋಳ್ಳಿಯಾಗ ಮೊಮ್ಮಗಳು ಸೃಷ್ಟಿಯ ಮದುವಿ ಅದ. ತಾವು ಬರೀಲಿಲ್ಲಂದ್ರ ಆಕಿ ನನ್ನ ಜೋಡಿ ಗಾಡಿ ಹತ್ತಂಗಿಲ್ಲ, ಯಾಕಂತ ಕೇಳಿದ ಮಂದಿ ಮುಂದ ಹೆದರಿ ಓಡಿದವ ನಾನೇ ಅಂತ ಒಪ್ಪಬೇಕಾಗ್ತದ. ಇಪ್ಪತ್ತೆರಡನೇ ತಾರೀಖಿನೊಳಗ ಉತ್ತರ ಬರಬೇಕು.